ಹೊಸ ರೆಸ್ಲರ್‌ನ ಸ್ಟಾರ್ ಮಾಡೋದು ಹೇಗೆ? ಬುಕಿಂಗ್ ಮಾಡೋರಿಗೆ ಹಂತ ಹಂತವಾಗಿ

1990ರ ನವೆಂಬರ್ 22, ಅಮೆರಿಕದ ಪ್ರೊ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ (ಆಗ ಡಬ್ಲ್ಯುಡಬ್ಲ್ಯುಎಫ್) ನಡೆಸಿದ ಸರ್ವೈವರ್ ಸೀರೀಸ್ ಶೋ. ಒಂದೇ ರಾತ್ರಿ, ಒಂದೇ ರಿಂಗು, ನೋಡೋಕೆ ಬಂದಿದ್ದ ಜನಾನೂ ಅವ್ರೇ, ಆದ್ರೆ ಹೊಸ ಎಂಟ್ರಿ ಎರಡು. ಮೊದಲನೇದು ಒಂದು ದೊಡ್ಡ ಮೊಟ್ಟೆ, ಅದನ್ನ ವಾರಗಟ್ಟಲೆ ಟಿವಿಲಿ ತೋರ್ಸಿ ತೋರ್ಸಿ ಇದ್ರೊಳಗೆ ಏನಿದೆ ಅಂತ ಜನರ ತಲೇಲಿ ಹುಳ ಬಿಟ್ಟಿದ್ರು, ಆವತ್ತು ಅದು ಒಡೀತು, ಒಳಗಿಂದ ಟರ್ಕಿ ಕೋಳಿ ವೇಷ ಹಾಕಿದ್ದ ಗಾಬಲ್ಡಿ ಗೂಕರ್ ಅನ್ನೋನು ಬಂದು ರಿಂಗಲ್ಲಿ ಕುಣಿದ, ಜನ ಬೂ ಅಂದ್ರು, ಅಲ್ಲಿಗೆ ಮುಗೀತು. ಎರಡನೇದು ಟೆಡ್ ಡಿಬಿಯಾಸಿ ಟೀಮಿನ ಮಿಸ್ಟರಿ ಪಾರ್ಟ್ನರ್. ಯಾರು ಅಂತ ಮೊದ್ಲೇ ಹೇಳಿರ್ಲಿಲ್ಲ. ಕಪ್ಪು ಹ್ಯಾಟು, ಬೂದು ಬಣ್ಣದ ಗ್ಲೌಸು, ಮುಖದಲ್ಲಿ ಒಂದು ಭಾವನೆನೂ ಇಲ್ದೆ ನಿಧಾನಕ್ಕೆ ನಡ್ಕೊಂಡು ಬಂದ ಆರೂಮುಕ್ಕಾಲು ಅಡಿ ಮೇಲಿನ ಮನುಷ್ಯ. ಅವ್ನೇ ಅಂಡರ್‌ಟೇಕರ್. 2020ರ ನವೆಂಬರ್ 22ಕ್ಕೆ, ಅಂದ್ರೆ ಕರೆಕ್ಟಾಗಿ 30 ವರ್ಷ ಆದ್ಮೇಲೆ, ಅದೇ ಸರ್ವೈವರ್ ಸೀರೀಸಲ್ಲಿ ಅವ್ನಿಗೆ ವಿದಾಯ ಕೊಟ್ರು.

ಇವೆರಡನ್ನೂ ಪಕ್ಕಪಕ್ಕ ಇಟ್ಟು ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ. ಮೊಟ್ಟೆ ಒಡೆದ ಕ್ಷಣ ಜನರ ಪ್ರಶ್ನೆಗೆ ಉತ್ರ ಸಿಕ್ಕೋಯ್ತು, ಆಮೇಲೆ ಕೇಳೋಕೆ ಏನೂ ಉಳೀಲಿಲ್ಲ. ಅಂಡರ್‌ಟೇಕರ್ ಬಂದಾಗ ಪ್ರಶ್ನೆ ಶುರುವಾಯ್ತು, ಯಾರಿವ್ನು, ಹೊಡೆದ್ರೂ ಯಾಕೆ ನೋವಾಗ್ತಿಲ್ಲ, ಇವ್ನನ್ನ ಮಲಗ್ಸೋರು ಯಾರಿದಾರೆ. ನನ್ನ ಪ್ರಕಾರ ಸ್ಟಾರ್ ಅಂದ್ರೆ ಇಷ್ಟೇ, ಜನ ಮನೆಗೆ ಹೊತ್ಕೊಂಡು ಹೋಗೋ ಒಂದು ಪ್ರಶ್ನೆ. ಆ ಪ್ರಶ್ನೆ ಹುಟ್ಟಿಸೋದು, ಅದನ್ನ ಕಾಪಾಡೋದು, ಸರಿಯಾದ ಟೈಮಲ್ಲಿ ಉತ್ರ ಕೊಡೋದು, ಉತ್ರ ಕೊಟ್ಟ ಗಳಿಗೇಲೆ ಇನ್ನೊಂದು ಪ್ರಶ್ನೆ ಎತ್ತೋದು ಬುಕರ್ ಕೆಲ್ಸ, ಅಂದ್ರೆ ಯಾರು ಯಾರ ಜೊತೆ ಆಡ್ಬೇಕು, ಯಾರು ಗೆಲ್ಬೇಕು ಅಂತ ಮೊದ್ಲೇ ಕತೆ ಬರೆದಿಡೋನ ಕೆಲ್ಸ. ಸಣ್ಣ ಪ್ರೊಮೋಶನ್ (ರೆಸ್ಲಿಂಗ್ ಕಂಪನಿ) ನಡೆಸ್ತಿರೋರು, ಬುಕಿಂಗ್ ಕಲೀತಿರೋರು, ಇಲ್ಲಾ ನನ್ ಥರ ನೋಡ್ತಾ ನೋಡ್ತಾ ಇದು ಒಳಗೆ ಹೇಗೆ ನಡಿಯತ್ತೆ ಅಂತ ತಲೆ ಕೆಡಿಸ್ಕೊಂಡಿರೋರು, ಎಲ್ರಿಗೂ ಸೇರಿಸಿ ಬರೀತಿದೀನಿ.

1. ಮೊದ್ಲು ಆಳನ್ನ ಆರಿಸಿ

ಇದ್ರಲ್ಲಿ ಜಾಸ್ತಿ ಹೇಳೋದಿಲ್ಲ ಆದ್ರೆ ಒಂದು ವಿಷ್ಯದಲ್ಲಿ ರಾಜಿನೇ ಇಲ್ಲ. ಬಂಪ್ ತಗೊಳೋಕೆ, ಅಂದ್ರೆ ಪೆಟ್ಟಾಗದ ಹಾಗೆ ಬೀಳೋಕೆ, ಎದುರಾಳಿ ಮೈಯನ್ನ ಕಾಪಾಡೋಕೆ ಸರಿಯಾಗಿ ಕಲೀದೆ ಇರೋನ್ನ ರಿಂಗಿಗೆ ಬಿಡಬೇಡಿ, ಅವ್ನು ನೋಡೋಕೆ ಎಷ್ಟೇ ಚೆನ್ನಾಗಿರ್ಲಿ, ಎಷ್ಟೇ ಫಾಲೋವರ್ಸ್ ಇರ್ಲಿ. ಜಪಾನಿನ ನ್ಯೂ ಜಪಾನ್ ಪ್ರೋ ರೆಸ್ಲಿಂಗ್‌ನಲ್ಲಿ ಹೊಸಬ್ರನ್ನ ಯಂಗ್ ಲಯನ್ ಅಂತಾರೆ, ಕಪ್ಪು ಚಡ್ಡಿ ಕಪ್ಪು ಬೂಟು ಅಷ್ಟೇ, ಬಣ್ಣ ಇಲ್ಲ ಗಿಮಿಕ್ (ರೆಸ್ಲರ್ ಹಾಕೋ ಪಾತ್ರ, ವೇಷ) ಇಲ್ಲ, ಬೇಸಿಕ್ ಮೂವ್ಸ್ ಮಾತ್ರ, ಬೋಸ್ಟನ್ ಕ್ರ್ಯಾಬ್ ಅನ್ನೋ ಕಾಲು ಬಗ್ಗಿಸೋ ಹಿಡಿತ ಹಾಕಿಸ್ಕೊಂಡು ಸೋಲ್ತಾ ಸೋಲ್ತಾ ಕಲೀಬೇಕು, ಆಮೇಲೆ ಎಕ್ಸ್‌ಕರ್ಶನ್ ಅಂತ ಬೇರೆ ದೇಶಕ್ಕೆ ಕಳಿಸ್ತಾರೆ, ಅಲ್ಲಿಂದ ಹೊಸ ರೂಪದಲ್ಲಿ ವಾಪಸ್ ಬರ್ತಾನೆ. ಈ ಪದ್ಧತಿ ನಂಗೆ ತುಂಬ ಇಷ್ಟ, ಯಾಕಂದ್ರೆ ಅಲಂಕಾರ ಏನೂ ಇಲ್ದಿದ್ದಾಗಲೇ ಒಬ್ಬ ಮನುಷ್ಯನ ಹತ್ರ ಜನರ ಕಣ್ಣು ಹಿಡಿದಿಡೋ ಗುಣ ಇದ್ಯಾ ಇಲ್ವಾ ಅನ್ನೋದು ಗೊತ್ತಾಗೋದು. ಡಬ್ಲ್ಯುಡಬ್ಲ್ಯುಇ 2013ರಲ್ಲಿ ಆರ್ಲ್ಯಾಂಡೋದಲ್ಲಿ ಪರ್ಫಾರ್ಮೆನ್ಸ್ ಸೆಂಟರ್ ಶುರು ಮಾಡಿ ಎನ್‌ಎಕ್ಸ್‌ಟಿ ಅನ್ನೋ ಹೊಸಬ್ರ ಶೋ ಮೂಲಕ ಇದನ್ನೇ ತನ್ನ ರೀತೀಲಿ ಮಾಡ್ತಿದೆ, ಅಲ್ಲಿ ಕ್ಯಾಮೆರಾ ಮುಂದೆ ಹೇಗೆ ನಿಲ್ಬೇಕು ಮೈಕ್ ಹೇಗೆ ಹಿಡೀಬೇಕು ಅನ್ನೋದನ್ನೂ ಕಲಿಸ್ತಾರೆ.

ನಿಮ್ಮ ಹತ್ರ ಅಷ್ಟು ದುಡ್ಡು ಇರಲ್ಲ ನಿಜ, ಆದ್ರೂ ಕಾರ್ಡಿನ (ಆ ದಿನದ ಮ್ಯಾಚ್ ಪಟ್ಟಿಯ) ಮೊದಲ ಮ್ಯಾಚಲ್ಲಿ ಹೊಸಬ್ರನ್ನ ಸಾದಾ ಬಟ್ಟೇಲಿ ಆಡ್ಸಿ ನೋಡೋದಕ್ಕೆ ಖರ್ಚೇನಿಲ್ಲ. ಅವ್ನು ಕೆಳಗೆ ಬಿದ್ದಿರುವಾಗ ಜನ ಅವ್ನನ್ನೇ ನೋಡ್ತಿದಾರಾ, ಫೋನ್ ನೋಡ್ತಿದಾರಾ ಅಂತ ಗಮನಿಸಿ.

2. ಗಿಮಿಕ್: ಹೊರಗಿಂದ ಅಂಟಿಸಿದ್ದು ಉದುರತ್ತೆ

ಗ್ಲೆನ್ ಜೇಕಬ್ಸ್ ಅನ್ನೋ ರೆಸ್ಲರ್‌ನ 1995ರಲ್ಲಿ ಐಸಾಕ್ ಯಾಂಕೆಮ್ ಅನ್ನೋ ಹಲ್ಲಿನ ಡಾಕ್ಟ್ರು ಮಾಡಿದ್ರು, ನಡೀಲಿಲ್ಲ. 1996ರಲ್ಲಿ ಡೀಸೆಲ್ ಅನ್ನೋ ಹೆಸರಲ್ಲಿ ಆಡ್ತಿದ್ದ ಕೆವಿನ್ ನ್ಯಾಶ್ ಕಂಪನಿ ಬಿಟ್ಟು ಹೋದ್ಮೇಲೆ ಇವ್ನಿಗೇ ಡೀಸೆಲ್ ವೇಷ ಹಾಕ್ಸಿ ನಕಲಿ ಡೀಸೆಲ್ ಮಾಡಿದ್ರು, ಅದೂ ನಡೀಲಿಲ್ಲ. ಮರುವರ್ಷ ಅದೇ ಮನುಷ್ಯನಿಗೆ ಕೆಂಪು ಮುಖವಾಡ ಹಾಕ್ಸಿ ಬಾಯಿ ಮುಚ್ಚಿಸಿ ಕೇನ್ ಅಂತ ಕರ್ದಾಗ ಸ್ಟಾರ್ ಆದ. ದೇಹ ಅದೇ, ಮನುಷ್ಯ ಅವ್ನೇ. ಸ್ಟೀವ್ ಆಸ್ಟಿನ್ ಕತೆನೂ ಹಿಂಗೇ, 1996ರ ಜನವರಿಲಿ ರಿಂಗ್‌ಮಾಸ್ಟರ್ ಅನ್ನೋ ಸಪ್ಪೆ ಹೆಸ್ರು ಕೊಟ್ಟು, ಬದಲಿಗೆ ಮಾತಾಡೋಕೆ ಡಿಬಿಯಾಸಿನ ಮ್ಯಾನೇಜರ್ ಮಾಡಿ ಇಳ್ಸಿದ್ರು. ಮಾತೇ ಆಸ್ತಿ ಆಗಿರೋ ಮನುಷ್ಯನ ಬಾಯಿ ಮುಚ್ಸಿದ್ರು ಅಂದ್ರೆ ಯೋಚ್ನೆ ಮಾಡಿ. ಅದು ಕಳಚ್ಕೊಂಡ ಮೇಲೇನೆ ಅವ್ನು ಅವ್ನಾಗಿದ್ದು.

ಹಾಗಾಗಿ ಹೊಸಬ್ನ ಜೊತೆ ಕೂತ್ಕೊಂಡು ಮಾತಾಡಿ, ಅವ್ನಿಗೆ ಯಾವುದಕ್ಕೆ ಸಿಟ್ಟು ಬರತ್ತೆ, ಯಾವ್ದರ ಬಗ್ಗೆ ಹೆಮ್ಮೆ, ಸ್ನೇಹಿತರ ಮಧ್ಯೆ ಹೇಗಿರ್ತಾನೆ, ಅದ್ರಲ್ಲಿ ಒಂದು ಗುಣ ಹಿಡ್ಕೊಂಡು ವಾಲ್ಯೂಮ್ ಜಾಸ್ತಿ ಮಾಡಿ. ಜಾನ್ ಸೀನಾ ಅಂತೂ ಟೂರ್ ಬಸ್ಸಲ್ಲಿ ಟೈಮ್ ಪಾಸಿಗೆ ರ‍್ಯಾಪ್ ಮಾಡ್ತಿದ್ದ, ಅದು ಮೇಲಿನವ್ರ ಕಿವಿಗೆ ಬಿದ್ದಿದ್ರಿಂದ ಗಿಮಿಕ್ ಆಯ್ತು ಅಂತ ಅವ್ನೇ ಹೇಳ್ಕೊಂಡಿದಾನೆ. ಅದಕ್ಕೆ ಮೊದ್ಲು ಅವ್ನಿಗೆ ಇದ್ದಿದ್ದು ಬಣ್ಣಬಣ್ಣದ ಚಡ್ಡಿ ಮಾತ್ರ.

ಆಮೇಲೆ ಒಂದು ಪರೀಕ್ಷೆ ಮಾಡಿ. ಈ ಪಾತ್ರನ ಒಂದೇ ವಾಕ್ಯದಲ್ಲಿ ಹೇಳೋಕಾಗತ್ತಾ? ಕೇನ್‌ದು ನೋಡಿ, ಬೆಂಕೀಲಿ ಸತ್ತ ಅಂದ್ಕೊಂಡಿದ್ದ ಅಂಡರ್‌ಟೇಕರ್ ತಮ್ಮ ಬದುಕಿದಾನೆ, ಸೇಡಿಗೆ ಬಂದಿದಾನೆ. ಹೇಳಿದ ತಕ್ಷಣ ಮುಂದೇನು ಅಂತ ಕೇಳ್ಬೇಕು ಅನ್ಸತ್ತಲ್ಲ, ಅಷ್ಟಿದ್ರೆ ಸಾಕು.

3. ಬರೋ ಮುಂಚೆ ಎಷ್ಟು ಹೇಳ್ಬೇಕು

ಕೇನ್ ವಿಷ್ಯನೇ ಮುಂದುವರ್ಸೋಣ, ಯಾಕಂದ್ರೆ ಇದನ್ನ ಅವ್ರಷ್ಟು ಚೆನ್ನಾಗಿ ಮಾಡಿದ್ದನ್ನ ನಾನು ಬೇರೆ ಕಡೆ ನೋಡಿಲ್ಲ. 1997ರಲ್ಲಿ ಅಂಡರ್‌ಟೇಕರ್‌ನ ಹಳೇ ಮ್ಯಾನೇಜರ್ ಪಾಲ್ ಬೇರರ್ ತಿಂಗಳುಗಟ್ಟಲೆ ಮೈಕ್ ಹಿಡ್ಕೊಂಡು ಅದೇ ಕತೆ ಹೇಳಿದ, ಅಂಡರ್‌ಟೇಕರ್ ತಮ್ಮ ಬದುಕಿದಾನೆ, ಬರ್ತಾನೆ. ಫೋಟೋ ತೋರಿಸ್ಲಿಲ್ಲ, ಡೇಟ್ ಹೇಳ್ಲಿಲ್ಲ. ಅಕ್ಟೋಬರ್ 5ಕ್ಕೆ ಬ್ಯಾಡ್ ಬ್ಲಡ್ ಶೋನಲ್ಲಿ ಮೊಟ್ಟಮೊದಲ ಹೆಲ್ ಇನ್ ಎ ಸೆಲ್ (ರಿಂಗಿನ ಸುತ್ತ ಪಂಜರ ಹಾಕಿ ಆಡೋ) ಮ್ಯಾಚು, ಅಂಡರ್‌ಟೇಕರ್ ಇನ್ನೇನು ಶಾನ್ ಮೈಕಲ್ಸ್‌ನ ಮುಗಿಸ್ಬೇಕು, ಲೈಟ್ ಆಫ್ ಆಯ್ತು, ಕೆಂಪು ಬೆಳಕು, ಬಂದೋನು ಆ ಪಂಜರದ ಬಾಗಿಲನ್ನೇ ಕಿತ್ತೆಸೆದು ಒಳಗೆ ಹೋಗಿ ಅಣ್ಣನ ಎದುರು ನಿಂತ. ಆಮೇಲೆ ಅಣ್ಣನ ಮೂವ್‌ನಿಂದಾನೇ ಅಣ್ಣನ್ನ ಮಲಗಿಸ್ದ. ಒಂದು ಮಾತಿಲ್ಲ. ಅಷ್ಟಾದ್ರೂ ಇಬ್ರ ಮಧ್ಯೆ ಮ್ಯಾಚ್ ಇಟ್ರಾ? ಇಲ್ಲ. ನನ್ನ ತಮ್ಮನ ಮೇಲೆ ಕೈ ಎತ್ತಲ್ಲ ಅಂತ ಅಂಡರ್‌ಟೇಕರ್ ತಿಂಗಳುಗಟ್ಟಲೆ ಹಟ ಹಿಡ್ದ. ಮ್ಯಾಚ್ ಆಗಿದ್ದು 1998ರ ಮಾರ್ಚ್ 29, ಕಂಪನಿಯ ವರ್ಷದ ದೊಡ್ಡ ಶೋ ರೆಸಲ್‌ಮೇನಿಯಾ 14ರಲ್ಲಿ, ಅಲ್ಲೂ ಕೇನ್‌ನ ಕೆಳಗೆ ಹಿಡಿದಿಡೋಕೆ ಮೂರು ಟೂಂಬ್‌ಸ್ಟೋನ್ (ತಲೆಕೆಳಗೆ ಹಿಡಿದು ಕುಕ್ಕೋ ಅಂಡರ್‌ಟೇಕರ್ ಮೂವ್) ಬೇಕಾಯ್ತು. ಸೋತೋನು ದೊಡ್ಡೋನಾಗೇ ಹೊರಗೆ ಹೋದ.

ಮೊಟ್ಟೇಗೂ ಹೀಗೇ ವಾರಗಟ್ಟಲೆ ಬಿಲ್ಡಪ್ ಇತ್ತು ಅಲ್ವಾ, ಮತ್ತೆ ಯಾಕೆ ಬಿತ್ತು ಅಂದ್ರೆ, ಕೇನ್ ಕತೇಲಿ ಜನ ಈಗಾಗ್ಲೇ ಪ್ರೀತಿಸ್ತಿದ್ದ ಒಬ್ಬನಿಗೆ ಏನಾಗ್ಬಹುದು ಅನ್ನೋ ಭಯ ಇತ್ತು. ಮೊಟ್ಟೆಲಿ ಯಾರಿಗೂ ಏನೂ ಆಗೋದಿರ್ಲಿಲ್ಲ. ಹೊಸಬ್ನ ಬಗ್ಗೆ ಟೀಸರ್ ಬಿಡೋ ಮುಂಚೆ ಇದನ್ನ ಕೇಳ್ಕೊಳ್ಳಿ, ಇವ್ನು ಬಂದ್ರೆ ಈಗಿರೋರಲ್ಲಿ ಯಾರ ಬದುಕು ಬದಲಾಗತ್ತೆ? ಯಾರದ್ದೂ ಇಲ್ಲ ಅಂದ್ರೆ ಟೀಸರ್ ಬೇಡ, ಸುಮ್ನೆ ಕರ್ಕೊಂಡ್ ಬನ್ನಿ.

4. ಮೊದಲ ರಾತ್ರಿ

ರಿಹರ್ಸಲ್ ಮಾಡಿ. ಇದನ್ನ ಎರಡು ಸಲ ಹೇಳ್ತೀನಿ, ರಿಹರ್ಸಲ್ ಮಾಡಿ. 1993ರ ಆಗಸ್ಟಲ್ಲಿ ಡಬ್ಲ್ಯುಸಿಡಬ್ಲ್ಯು ಕಂಪನಿ ಶಾಕ್‌ಮಾಸ್ಟರ್ ಅನ್ನೋನ್ನ ಲೈವ್ ಟಿವಿಲಿ ಪರಿಚಯ ಮಾಡ್ತು, ಗೋಡೆ ಒಡ್ಕೊಂಡು ಬರ್ಬೇಕಿತ್ತು, ಬಂದ, ಕೆಳಗಿದ್ದ ಮರದ ಪಟ್ಟಿಗೆ ಕಾಲು ಸಿಕ್ಕಿ ಮುಗ್ಗರಿಸಿ ಬಿದ್ದ, ಮಿಣಮಿಣ ಅನ್ನೋ ಹೆಲ್ಮೆಟ್ ಕಳಚಿ ಉರುಳ್ತು. ಕೆಲವೇ ಸೆಕೆಂಡಲ್ಲಿ ಆ ಪಾತ್ರದ ಕತೆ ಮುಗಿದೋಯ್ತು, ಪಾಪ ಆ ಮನುಷ್ಯನದ್ದು ತಪ್ಪೇನಿಲ್ಲ. ಸ್ಟೇಜು, ಲೈಟು, ಮ್ಯೂಸಿಕ್ಕು, ನಡೆಯೋ ದಾರಿ ಎಲ್ಲಾನೂ ಹೊಸಬ್ನೇ ಬಂದು ಶೋಗಿಂತ ಮೊದ್ಲು ಕಾಸ್ಟ್ಯೂಮ್ ಸಮೇತ ಮಾಡಿ ನೋಡ್ಬೇಕು.

ಮೊದಲ ರಾತ್ರಿ ಒಂದೇ ಒಂದು ವಿಷ್ಯ ಜನರ ತಲೇಲಿ ಕೂರ್ಬೇಕು. ಅಂಡರ್‌ಟೇಕರ್ ಆವತ್ತು ಮಾಡಿದ್ದು ತುಂಬ ಕಮ್ಮಿ, ಎರಡು ನಿಮಿಷದೊಳಗೆ ಕೋಕೋ ಬಿ ವೇರ್‌ನ ಔಟ್ ಮಾಡ್ದ, ಆಮೇಲೆ ಡಸ್ಟಿ ರೋಡ್ಸ್ ಅಂಥ ದೊಡ್ಡ ಹೆಸರನ್ನೂ ಔಟ್ ಮಾಡ್ದ. ಅವ್ನನ್ನ ಹೇಗೆ ಹೊರಗೆ ಕಳಿಸಿದ್ರು ನೋಡಿ, ಯಾರೂ ಪಿನ್ ಮಾಡ್ಲಿಲ್ಲ (ಭುಜ ನೆಲಕ್ಕೆ ಒತ್ತಿ ಮೂರು ಎಣಿಸೋದು), ರಿಂಗ್ ಹೊರಗೆ ಜಗಳ ಮುಂದುವರ್ಸಿ, ರೆಫರಿ ಎಣಿಸೋದ್ರೊಳಗೆ ವಾಪಸ್ ಬರ್ದೆ ಕೌಂಟ್ ಔಟ್ ಆದ. ಟೀಮ್ ಮ್ಯಾಚ್ ಮುಂದಕ್ಕೆ ಹೋಗ್ಬೇಕು, ಹೊಸಬ್ನೂ ಸೋಲ್ಬಾರ್ದು, ಎರಡೂ ಉಳೀತು. ಗ್ರೇಟ್ ಖಲಿನ 2006ರ ಏಪ್ರಿಲಲ್ಲಿ ತಂದಾಗ ಮ್ಯಾಚೇ ಇಲ್ಲ, ನೇರವಾಗಿ ಬಂದು ಅದೇ ಅಂಡರ್‌ಟೇಕರ್‌ನ ಹೊಡೆದು ಮಲಗ್ಸಿ ಹೋದ. 15 ವರ್ಷಕ್ಕೂ ಮೇಲಿಂದ ಎಲ್ರನ್ನೂ ಹೆದರಿಸ್ಕೊಂಡು ಬಂದಿದ್ದೋನು ತಲೆ ಎತ್ತಿ ನೋಡೋ ಅಷ್ಟು ಎತ್ತರ ಅವ್ನು, ಆ ಒಂದು ಶಾಟ್ ಸಾಕಾಗಿತ್ತು.

ಗೆಲ್ಲೇಬೇಕು ಅಂತೇನೂ ಇಲ್ಲ. 2002ರ ಜೂನ್ 27ರ ಸ್ಮ್ಯಾಕ್‌ಡೌನ್, ಕರ್ಟ್ ಆ್ಯಂಗಲ್ ಯಾರಾದ್ರೂ ಬನ್ನಿ ಅಂತ ಓಪನ್ ಚಾಲೆಂಜ್ ಹಾಕ್ದ, ಯಾರಿಗೂ ಗೊತ್ತಿಲ್ಲದ ಸೀನಾ ಬಂದು ನಿಂತ, ನಿನ್ನ ಹತ್ರ ಏನಿದೆ ಅಂತ ಕೇಳಿದ್ದಕ್ಕೆ ಎರಡು ಪದ ಹೇಳಿ ಕೆನ್ನೆಗೆ ಬಾರಿಸ್ದ. ಮ್ಯಾಚ್ ಸೋತ. ಆದ್ರೆ ಒಲಿಂಪಿಕ್ ಚಿನ್ನ ಗೆದ್ದೋನ್ನ ಬೆವರಿಳಿಸಿ ಸೋತ, ಮ್ಯಾಚ್ ಆದ್ಮೇಲೆ ಹಿಂದ್ಗಡೆ ಅಂಡರ್‌ಟೇಕರ್ ಬಂದು ಕೈ ಕುಲುಕಿದ್ದನ್ನೂ ತೋರ್ಸಿದ್ರು. ಖಲಿಗೆ ಇವ್ನನ್ನ ತಡೆಯೋರ್ಯಾರು ಅನ್ನೋ ಪ್ರಶ್ನೆ, ಸೀನಾಗೆ ಈ ಹುಡ್ಗ ಎಲ್ಲಿವರ್ಗೂ ಹೋಗ್ತಾನೆ ಅನ್ನೋ ಪ್ರಶ್ನೆ. ಯಾವ ಪ್ರಶ್ನೆ ಬೇಕು ಅಂತ ಮೊದ್ಲು ಡಿಸೈಡ್ ಮಾಡಿ, ಗೆಲ್ಲಿಸ್ಬೇಕಾ ಸೋಲಿಸ್ಬೇಕಾ ಅನ್ನೋದು ಅದ್ರಿಂದ ತಾನಾಗೇ ಬರತ್ತೆ.

5. ಮೊದಲ ಮೂರು ತಿಂಗಳು

ಇಲ್ಲಿ ಕೆಲ್ಸ ಬೋರ್ ಹೊಡ್ಸೋ ಥರದ್ದು, ಆದ್ರೆ ಬಿಟ್ರೆ ಮುಂದೆ ಎಲ್ಲಾ ಕುಸಿಯತ್ತೆ. ಪ್ರತಿ ಶೋನಲ್ಲೂ ಅದೇ ಎಂಟ್ರೆನ್ಸು, ಅದೇ ಮ್ಯೂಸಿಕ್ಕು, ಕೊನೇಲಿ ಅದೇ ಫಿನಿಶರ್ (ಮ್ಯಾಚ್ ಮುಗಿಸೋ ಮೂವ್). ಫಿನಿಶರ್ ಬಿದ್ರೆ ಮ್ಯಾಚ್ ಮುಗೀಲೇಬೇಕು, ಯಾರೂ ಎರಡು ಎಣಿಸಿದಾಗ ಭುಜ ಎತ್ತಿ ಕಿಕ್ ಔಟ್ ಮಾಡ್ಬಾರ್ದು, ಮುಂದೆ ಯಾವತ್ತೋ ಒಂದಿನ ಒಬ್ಬ ದೊಡ್ಡ ಎದುರಾಳಿ ಕಿಕ್ ಔಟ್ ಮಾಡಿದಾಗ ಜನ ಎದ್ದು ನಿಲ್ಬೇಕು ಅಂದ್ರೆ ಈಗ ಉಳಿಸ್ಕೋಬೇಕು. ಕಾಮೆಂಟೇಟರ್ ಪ್ರತಿ ಸಲ ಅದೇ ಒಂದು ವಾಕ್ಯದ ಕತೆ ಹೇಳ್ಬೇಕು.

ವೀಕ್ನೆಸ್ ಮುಚ್ಚಿಡೋದು ಮೋಸ ಅಂತ ಕೆಲವ್ರು ಅಂದ್ಕೋತಾರೆ, ಹಾಗೇನಿಲ್ಲ, ಅದು ಹೊಸಬ್ನಿಗೆ ನೀವು ಕೊಡೋ ರಕ್ಷಣೆ. ಗೋಲ್ಡ್‌ಬರ್ಗ್ 1997ರ ಸೆಪ್ಟೆಂಬರ್ 22ಕ್ಕೆ ಶುರು ಮಾಡಿದಾಗ ಅವ್ನಿಗೆ ಅನುಭವ ತುಂಬ ಕಮ್ಮಿ, ಅದಕ್ಕೆ ಎರಡು ಮೂರು ನಿಮಿಷದ ಮ್ಯಾಚು, ಸ್ಪಿಯರ್, ಜ್ಯಾಕ್‌ಹ್ಯಾಮರ್ ಅನ್ನೋ ಎರಡು ಮೂವ್, ಮುಗೀತು, ಮಾತಿಲ್ಲ. ಮಾತು ಬರದೇ ಇರೋದೇ ಅವ್ನ ಗುಣ ಆಗೋಯ್ತು. ಖಲಿ ಪರವಾಗಿ ಅವ್ನ ಮ್ಯಾನೇಜರ್ ಡೈವಾರಿ ಮಾತಾಡ್ತಿದ್ದ. ಬ್ರಾಕ್ ಲೆಸ್ನರ್ 2002ರ ಮಾರ್ಚಲ್ಲಿ ಬಂದಾಗ ಪಕ್ಕದಲ್ಲಿ ಪಾಲ್ ಹೇಮನ್ ನಿಂತಿದ್ದ, ಐದೇ ತಿಂಗಳಿಗೆ ಸಮ್ಮರ್‌ಸ್ಲ್ಯಾಮಲ್ಲಿ ರಾಕ್‌ನ ಸೋಲ್ಸಿ 25ನೇ ವಯಸ್ಸಿಗೆ ಚಾಂಪಿಯನ್. ಒಳ್ಳೆ ಮ್ಯಾನೇಜರ್ ಸಿಕ್ರೆ ಹೊಸಬ್ನಿಗೆ ಒಂದು ವರ್ಷ ಉಳೀತು ಅಂತ್ಲೇ ಲೆಕ್ಕ. ಮೂರು ಜನ ಹೊಸಬ್ರು ಇದ್ರೆ ಒಟ್ಟಿಗೆ ತರೋದೂ ಒಳ್ಳೆ ದಾರಿ, 2012ರ ನವೆಂಬರಲ್ಲಿ ಬಂದ ಶೀಲ್ಡ್ ಗುಂಪಲ್ಲಿ ಆ್ಯಂಬ್ರೋಸ್ ಮಾತಾಡ್ತಿದ್ದ, ರಾಲಿನ್ಸ್ ಹಾರ್ತಿದ್ದ, ರೇನ್ಸ್ ಕೊನೇಲಿ ಬಂದು ಹೊಡೀತಿದ್ದ, ಒಬ್ಬನ ಕೊರತೆನ ಇನ್ನೊಬ್ಬ ತುಂಬ್ತಿದ್ದ, ಮೂರೂ ಜನ ಮುಂದೆ ವರ್ಲ್ಡ್ ಚಾಂಪಿಯನ್ ಆದ್ರು.

6. ಸೋಲೋದು ಹೇಗೆ ಅಂತ ಪ್ಲಾನ್ ಮಾಡಿ

ಗೆಲ್ಲಿಸ್ತಾ ಹೋದ್ರೆ ಸ್ಟಾರ್ ಆಗ್ತಾನೆ ಅನ್ನೋ ನಂಬಿಕೆ ಬುಕರ್‌ಗಳಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಅದನ್ನ ಒಪ್ಪಲ್ಲ, ಕಾರಣ ಎರಡು ಮ್ಯಾಚು.

1988ರ ಮಾರ್ಚ್ 27, ಕ್ಲ್ಯಾಶ್ ಆಫ್ ದಿ ಚಾಂಪಿಯನ್ಸ್ ಮೊದಲ ಶೋ. ಸ್ಟಿಂಗ್ ಅನ್ನೋ ಹೊಸ ಹುಡ್ಗ, ಎದುರಿಗೆ ಚಾಂಪಿಯನ್ ರಿಕ್ ಫ್ಲೇರ್. 45 ನಿಮಿಷ ಆಡಿದ್ರು, ಡ್ರಾ. ಬೆಲ್ಟ್ ಫ್ಲೇರ್ ಹತ್ರಾನೇ ಉಳೀತು. ಆದ್ರೆ ಆ 45 ನಿಮಿಷ ಫ್ಲೇರ್ ಹೆದರಿದ, ಬೇಡ್ಕೊಂಡ, ಓಡ್ದ, ಸ್ಟಿಂಗ್ ಹೊಡೆದ ಪ್ರತಿ ಏಟಿಗೂ ಜೀವ ಹೋದ ಹಾಗೆ ಬಿದ್ದ. ಮ್ಯಾಚ್ ಮುಗಿದಾಗ ಸ್ಟಿಂಗ್ ಹೊಸ ಹುಡ್ಗ ಆಗಿ ಉಳಿದಿರ್ಲಿಲ್ಲ. ಬೆಲ್ಟ್ ಸಿಕ್ಕಿದ್ದು 1990ರ ಜುಲೈಗೆ, ಎರಡು ವರ್ಷಕ್ಕೂ ಮೇಲೆ ಆ ಪ್ರಶ್ನೆ ಬದುಕಿತ್ತು.

ಇನ್ನೊಂದು 1997ರ ಮಾರ್ಚ್ 23, ರೆಸಲ್‌ಮೇನಿಯಾ 13, ಆಸ್ಟಿನ್ ಮತ್ತೆ ಬ್ರೆಟ್ ಹಾರ್ಟ್, ಸಬ್ಮಿಶನ್ ಮ್ಯಾಚು, ಅಂದ್ರೆ ಒಬ್ಬ ಬಿಟ್ಟುಕೊಡ್ತೀನಿ ಅನ್ನೋವರ್ಗೂ. ಇದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ, ಬುಕಿಂಗ್ ಕಲೀಬೇಕು ಅಂತ ಯಾರು ಕೇಳಿದ್ರೂ ಮೊದ್ಲು ಇದನ್ನೇ ನೋಡಿ ಅಂತೀನಿ. ಶುರುವಾದಾಗ ಆಸ್ಟಿನ್ ಕೆಟ್ಟೋನು, ಬ್ರೆಟ್ ಒಳ್ಳೆಯೋನು. ಕೊನೇಲಿ ಬ್ರೆಟ್ ಶಾರ್ಪ್‌ಶೂಟರ್ ಅನ್ನೋ ಕಾಲಿನ ಹಿಡಿತ ಬಿಗಿದಿದಾನೆ, ಆಸ್ಟಿನ್ ಮುಖದ ತುಂಬ ರಕ್ತ, ಹಲ್ಲು ಕಚ್ಚಿ ಕೂಗ್ತಿದಾನೆ, ಆದ್ರೆ ಬಿಟ್ಟುಕೊಡ್ತೀನಿ ಅನ್ನಲ್ಲ. ಪ್ರಜ್ಞೆ ತಪ್ಪಿತು, ರೆಫರಿ ಆಗಿದ್ದ ಕೆನ್ ಶ್ಯಾಮ್‌ರಾಕ್ ಮ್ಯಾಚ್ ನಿಲ್ಸಿದ. ಆಮೇಲೂ ಬ್ರೆಟ್ ಹೊಡೀತಾನೇ ಇದ್ದ. ಅರ್ಧ ಗಂಟೆ ಒಳಗೆ ಒಳ್ಳೆಯೋನು ಕೆಟ್ಟೋನಾದ, ಕೆಟ್ಟೋನು ಜನರ ಹೀರೋ ಆದ. ರೆಕಾರ್ಡಲ್ಲಿ ಆಸ್ಟಿನ್ ಸೋತ ಅಂತಿದೆ. ಒಂದು ವರ್ಷಕ್ಕೆ ರೆಸಲ್‌ಮೇನಿಯಾ 14ರಲ್ಲಿ ಅವ್ನೇ ಚಾಂಪಿಯನ್.

ಅಂದ್ರೆ ಸೋಲನ್ನ ಬರೀವಾಗ ಇವ್ನು ಸೋತ್ರೂ ಏನು ಉಳಿಸ್ಕೊಂಡ ಅಂತ ಒಂದು ವಾಕ್ಯ ಬರೆದಿಟ್ಕೊಳ್ಳಿ. ಆ ವಾಕ್ಯ ಹೊಳೀತಿಲ್ಲ ಅಂದ್ರೆ ಆ ಮ್ಯಾಚ್ ಬುಕ್ ಮಾಡ್ಬೇಡಿ.

7. ಕೊಡೋ ಮನುಷ್ಯನ್ನ ಹುಡುಕಿ

ಹೊಸಬ್ನ ಬಗ್ಗೆ ಇಷ್ಟೆಲ್ಲಾ ಮಾತಾಡ್ತೀವಿ, ಅವ್ನನ್ನ ಸ್ಟಾರ್ ಮಾಡೋದು ಹೆಚ್ಚಿನ ಸಲ ಎದುರಿಗೆ ನಿಂತಿರೋ ಹಳಬ. ಫ್ಲೇರ್ ಇಲ್ದೆ ಸ್ಟಿಂಗ್ ಇಲ್ಲ, ಬ್ರೆಟ್ ಇಲ್ದೆ ಆ ಆಸ್ಟಿನ್ ಇಲ್ಲ. ಮಿಕ್ ಫೋಲಿ 2000ದ ಜನವರಿಲಿ ರಾಯಲ್ ರಂಬಲ್ ಸ್ಟ್ರೀಟ್ ಫೈಟಲ್ಲಿ, ಮತ್ತೆ ಫೆಬ್ರವರಿಲಿ ಹೆಲ್ ಇನ್ ಎ ಸೆಲ್‌ನಲ್ಲಿ ಟ್ರಿಪಲ್ ಎಚ್‌ಗೆ ಸೋತ, ಅಷ್ಟರವರ್ಗೂ ಚಾಂಪಿಯನ್ ಆಗಿದ್ರೂ ಏನೋ ಕಮ್ಮಿ ಅನ್ಸ್ತಿದ್ದ ಟ್ರಿಪಲ್ ಎಚ್ ಆ ಎರಡು ಮ್ಯಾಚಿಂದ ನಿಜವಾದ ಮೇನ್ ಇವೆಂಟರ್ (ಶೋನ ಮುಖ್ಯ ಮ್ಯಾಚ್ ಆಡೋ ಸ್ಟಾರ್) ಆದ. ಅದೇ ಫೋಲಿ 2004ರ ಏಪ್ರಿಲಲ್ಲಿ ಬ್ಯಾಕ್‌ಲ್ಯಾಶ್‌ನಲ್ಲಿ ರ‍್ಯಾಂಡಿ ಆರ್ಟನ್‌ಗೂ ಹಾಗೇ ಕೊಟ್ಟ. ಡ್ರಾಯಿಂಗ್ ಪಿನ್ ಮೇಲೆ ಬಿದ್ದು ರಕ್ತ ಸುರಿಸಿದ ಆರ್ಟನ್‌ನ ಆಮೇಲೆ ಯಾರೂ ಸುಂದರವಾಗಿರೋ ಹುಡ್ಗ ಅಂತ ಮಾತ್ರ ನೋಡ್ಲಿಲ್ಲ.

ಜಪಾನಲ್ಲಿ 1990ರಲ್ಲಿ ತೆನ್‌ರ್ಯೂ ಅನ್ನೋ ದೊಡ್ಡ ಸ್ಟಾರ್ ಆಲ್ ಜಪಾನ್ ಅನ್ನೋ ಕಂಪನಿ ಬಿಟ್ಟು ಹೋದಾಗ ಕಂಪನಿಗೆ ದೊಡ್ಡ ತೂತು ಬಿತ್ತು. ಮೇ 14ಕ್ಕೆ ಟೈಗರ್ ಮಾಸ್ಕ್ ಆಗಿ ಆಡ್ತಿದ್ದ ಮಿಸಾವಾ ಮ್ಯಾಚ್ ಮಧ್ಯದಲ್ಲೇ ಮುಖವಾಡ ಬಿಚ್ಚಿಸಿ ಎಸೆದ, ಇನ್ನು ಮೇಲೆ ನಾನು ನಾನೇ ಅನ್ನೋ ಥರ. ಜೂನ್ 8ಕ್ಕೆ ನಿಪ್ಪೊನ್ ಬುಡೋಕಾನ್‌ನಲ್ಲಿ ಜಂಬೋ ತ್ಸುರುತ ಅನ್ನೋ ಕಂಪನಿಯ ನಂಬರ್ ಒನ್ ಮನುಷ್ಯ ಅವ್ನಿಗೆ ನೇರವಾಗಿ, ನೆಪ ಇಲ್ದೆ, ಮೂರು ಎಣಿಸೋವರ್ಗೂ ಸೋತ. ಸೆಪ್ಟೆಂಬರಲ್ಲಿ ತ್ಸುರುತ ವಾಪಸ್ ಗೆದ್ದ ಅನ್ನೋದನ್ನೂ ಗಮನಿಸಿ, ಹೊಸಬ್ನಿಗೆ ಬೆಟ್ಟ ಹತ್ತೋದು ಇನ್ನೂ ಬಾಕಿ ಇಟ್ರು.

ಇಲ್ಲಿ ಬುಕರ್‌ಗೆ ನನ್ನ ಕಳಕಳಿಯ ಮಾತು ಏನಂದ್ರೆ, ಕೊಡೋ ಹಳಬ್ರನ್ನ ಗೌರವದಿಂದ ನೋಡ್ಕೊಳ್ಳಿ. ಸೋತ ಮೇಲೆ ಅವ್ರಿಗೂ ಒಂದು ಕತೆ ಇಡಿ. ಸೋತೋನ್ನ ಮರುವಾರದಿಂದ ಯಾರೂ ಕೇಳ್ದೇ ಇದ್ರೆ ಮುಂದಿನ ಹಳಬ ಮನಸ್ಸು ಬಿಚ್ಚಿ ಕೊಡಲ್ಲ, ಕೊಟ್ರೂ ಅರ್ಧಂಬರ್ಧ ಕೊಡ್ತಾನೆ, ಅರ್ಧಂಬರ್ಧ ಕೊಟ್ಟಿದ್ದು ಹೊಸಬ್ನಿಗೆ ಮೈಗೆ ಹತ್ತಲ್ಲ.

8. ಜನ ಏನು ಹೇಳ್ತಿದಾರೆ ಕೇಳಿಸ್ಕೊಳ್ಳಿ

ರಾಕಿ ಮಾಯ್ವಿಯಾ 1996ರ ಸರ್ವೈವರ್ ಸೀರೀಸಲ್ಲಿ ನಗುಮುಖ ಇಟ್ಕೊಂಡು ಬಂದ, ಮೂರು ತಿಂಗಳೊಳಗೆ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಕೊಟ್ರು, ಅಪ್ಪ ತಾತ ಇಬ್ರೂ ರೆಸ್ಲರ್ಸ್ ಅಂತ ಪ್ರತಿ ವಾರ ಹೇಳಿದ್ರು. ಜನ ಬೇಡ ಅಂದ್ರು, ಜೋರಾಗೇ ಅಂದ್ರು. ಕಂಪನಿ ಏನ್ ಮಾಡ್ತು ಅಂದ್ರೆ 1997ರ ಆಗಸ್ಟಲ್ಲಿ ಅವ್ನನ್ನ ಹೀಲ್ (ಕತೇಲಿ ಕೆಟ್ಟೋನು) ಮಾಡ್ತು, ನೇಶನ್ ಆಫ್ ಡಾಮಿನೇಶನ್ ಗುಂಪಿಗೆ ಸೇರಿಸ್ತು, ನೀವು ನನ್ನ ಹೀಗೆಲ್ಲಾ ಅಂದ್ರಲ್ಲ ಅಂತ ಅವ್ನು ಜನರಿಗೇ ತಿರುಗಿ ಕೇಳ್ದ. ಆ ನಿಜವಾದ ಸಿಟ್ಟಿಂದ ದಿ ರಾಕ್ ಹುಟ್ಟಿದ.

ರೋಮನ್ ರೇನ್ಸ್ ವಿಷ್ಯದಲ್ಲಿ ಅದೇ ಕಂಪನಿ ವರ್ಷಗಟ್ಟಲೆ ಕೇಳಿಸ್ಕೊಳ್ಲಿಲ್ಲ. 2015ರ ಜನವರಿ, ಫಿಲಡೆಲ್ಫಿಯಾದಲ್ಲಿ ರಾಯಲ್ ರಂಬಲ್, ಜನರಿಗೆ ಬೇಕಾಗಿದ್ದ ಡೇನಿಯಲ್ ಬ್ರಯಾನ್ ಬೇಗ ಔಟ್, ರೇನ್ಸ್ ಗೆದ್ದ, ರಾಕ್ ಬಂದು ಕೈ ಎತ್ತಿ ಹಿಡಿದ್ರೂ ಬೂ ನಿಲ್ಲಲಿಲ್ಲ. ರೇನ್ಸ್ ಕೆಟ್ಟ ರೆಸ್ಲರ್ ಆಗಿರ್ಲಿಲ್ಲ ಖಂಡಿತ, ಆದ್ರೆ ಇವ್ನೇ ಗೆಲ್ತಾನೆ ಅಂತ ಎಲ್ರಿಗೂ ತಿಂಗಳ ಮುಂಚೇನೇ ಗೊತ್ತಿತ್ತು, ಕೇಳೋಕೆ ಪ್ರಶ್ನೆನೇ ಇರ್ಲಿಲ್ಲ. 2020ರ ಆಗಸ್ಟಲ್ಲಿ ಹೀಲ್ ಮಾಡಿ ಪಕ್ಕದಲ್ಲಿ ಹೇಮನ್‌ನ ನಿಲ್ಸಿದ ಮೇಲೆ ಅದೇ ಮನುಷ್ಯ 1,316 ದಿನ ಬೆಲ್ಟ್ ಹಿಡ್ಕೊಂಡಿದ್ದ, ಜನ ಒಂದೊಂದು ಮಾತಿಗೂ ಕಾಯ್ತಿದ್ರು.

ಬೆಕಿ ಲಿಂಚ್ ಇನ್ನೊಂದು. 2018ರ ಸಮ್ಮರ್‌ಸ್ಲ್ಯಾಮಲ್ಲಿ ಅವ್ಳು ಗೆಳತಿ ಶಾರ್ಲೆಟ್ ಮೇಲೆ ಕೈ ಮಾಡಿದಾಗ ಜನ ಬೈತಾರೆ ಅಂತ ಅಂದ್ಕೊಂಡಿದ್ರು, ಜನ ಎದ್ದು ಕೂಗಿ ಮೆಚ್ಕೊಂಡ್ರು. ನವೆಂಬರಲ್ಲಿ ಮೂಗು ಒಡೆದು ಮುಖದ ಮೇಲೆ ರಕ್ತ ಇಳೀತಿರುವಾಗ ಪ್ರೇಕ್ಷಕರ ಮಧ್ಯೆ ಕೈ ಚಾಚಿ ನಿಂತಳು, ಆ ಚಿತ್ರ ಎಲ್ಲಾ ಕಡೆ ಹೋಯ್ತು. ಈ ಸಲ ಕಂಪನಿ ಪ್ಲಾನ್ ಬದಲಾಯಿಸ್ತು, 2019ರ ಏಪ್ರಿಲಲ್ಲಿ ರೆಸಲ್‌ಮೇನಿಯಾ 35ರ ಕೊನೆ ಮ್ಯಾಚು ಹೆಣ್ಮಕ್ಕಳದ್ದು, ಹಾಗಾಗಿದ್ದು ಅದೇ ಮೊದಲು, ಗೆದ್ದಿದ್ದು ಬೆಕಿ.

ಪ್ರಾಕ್ಟಿಕಲ್ ಆಗಿ ಹೇಳೋದಾದ್ರೆ ಪ್ರತಿ ಶೋನಲ್ಲೂ ಒಬ್ಬರನ್ನ ಪ್ರೇಕ್ಷಕರ ನಡುವೆ ಕೂರ್ಸಿ, ಅವ್ರಿಗೆ ರಿಂಗ್ ನೋಡೋ ಕೆಲ್ಸ ಇಲ್ಲ, ಜನರನ್ನ ನೋಡೋದಷ್ಟೇ. ಮ್ಯೂಸಿಕ್ ಬಂದಾಗ ತಲೆ ಎತ್ತಿದ್ರಾ, ಸೋಲೋ ಹೊತ್ತಿಗೆ ಮುಂದಕ್ಕೆ ಬಗ್ಗಿದ್ರಾ, ಟೀ ಶರ್ಟ್ ಕೇಳ್ತಿದಾರಾ. ಬೂ ಬಂದ್ರೆ ಭಯ ಬೀಳ್ಬೇಡಿ, ಬೂ ಅಂದ್ರೆ ಜನ ಇನ್ನೂ ಮನಸ್ಸು ಕೊಟ್ಟಿದಾರೆ. ಸದ್ದೇ ಇಲ್ದಿದ್ರೆ ಅವಾಗ ಚಿಂತೆ ಮಾಡಿ.

9. ಬೆಲ್ಟ್ ಯಾವಾಗ

ಬೇಗ ಕೊಟ್ರೆ ಹಸಿ, ತಡ ಮಾಡಿದ್ರೆ ಕೊಳೆಯತ್ತೆ. ಜಿಂದರ್ ಮಹಲ್ 2017ರ ಏಪ್ರಿಲ್‌ವರ್ಗೂ ಟಿವಿಲಿ ಹೆಚ್ಚಾಗಿ ಸೋಲ್ತಾನೇ ಇದ್ದ, ಇದ್ದಕ್ಕಿದ್ದಂಗೆ ನಂಬರ್ ಒನ್ ಕಂಟೆಂಡರ್, ಮೇ 21ಕ್ಕೆ ರ‍್ಯಾಂಡಿ ಆರ್ಟನ್‌ನ ಸೋಲ್ಸಿ ಚಾಂಪಿಯನ್. ಮೈ ತಯಾರಾಗಿತ್ತು, ಶ್ರಮ ಹಾಕಿದ್ದ, ಆದ್ರೆ ಕಂಪನಿ ಜನರನ್ನ ತಯಾರು ಮಾಡಿರ್ಲಿಲ್ಲ. ತಿಂಗಳುಗಟ್ಟಲೆ ಸೋಲಿಸಿ ಒಂದು ತಿಂಗಳಲ್ಲಿ ನಂಬಿ ಅಂದ್ರೆ ಹೇಗೆ ನಂಬ್ತಾರೆ, ಅದಕ್ಕೆ ನಂಗೆ ಅವ್ನ ಬಗ್ಗೆ ಇವತ್ತಿಗೂ ಬೇಜಾರಿದೆ.

ಲೆಕ್ಸ್ ಲೂಗರ್ ಕತೆ ಉಲ್ಟಾ. 1993ರ ಜುಲೈ 4ಕ್ಕೆ ಇಂಟ್ರೆಪಿಡ್ ಅನ್ನೋ ಯುದ್ಧ ಹಡಗಿನ ಮೇಲೆ ಯೊಕೊಜುನಾನ ಎತ್ತಿ ಹಾಕ್ದ, ಆಮೇಲೆ ಬಸ್ಸಲ್ಲಿ ಊರೂರು ಸುತ್ತಿಸಿ ಇವ್ನು ಚಾಂಪಿಯನ್ ಆಗ್ತಾನಾ ಅಂತ ಇಡೀ ದೇಶಕ್ಕೆ ಕೇಳಿದ್ರು. ಸಮ್ಮರ್‌ಸ್ಲ್ಯಾಮ್ ಬಂತು, ಲೂಗರ್ ಕೌಂಟ್ ಔಟ್‌ನಲ್ಲಿ ಗೆದ್ದ, ಕೌಂಟ್ ಔಟ್ ಆದ್ರೆ ಬೆಲ್ಟ್ ಬದಲಾಗಲ್ಲ, ಆದ್ರೂ ಬಲೂನ್ ಬಿಟ್ಟು ಹಬ್ಬ ಮಾಡಿದ್ರು. ಅಷ್ಟು ಜೋರಾಗಿ ಕೇಳಿದ ಪ್ರಶ್ನೆಗೆ ಉತ್ರ ಕೊಡ್ದೇ ಜಾರ್ಕೊಂಡ್ರು, ಲೂಗರ್‌ಗೆ ಆ ಕಾವು ಮತ್ತೆ ಬರ್ಲೇ ಇಲ್ಲ.

ಚೆನ್ನಾಗಿ ಮಾಡಿದ್ದು ಬೇಕಂದ್ರೆ ಎಇಡಬ್ಲ್ಯು ಅನ್ನೋ ಇನ್ನೊಂದು ಅಮೆರಿಕನ್ ಕಂಪನಿಯ ಹ್ಯಾಂಗ್‌ಮ್ಯಾನ್ ಪೇಜ್. 2019ರ ಆಗಸ್ಟ್ 31ಕ್ಕೆ ಕಂಪನಿಯ ಮೊದಲ ವರ್ಲ್ಡ್ ಟೈಟಲ್ ಮ್ಯಾಚಲ್ಲಿ ಕ್ರಿಸ್ ಜೆರಿಕೋಗೆ ಸೋತ, ನಾನು ಇದಕ್ಕೆ ಯೋಗ್ಯನಾ ಅನ್ನೋ ಅನುಮಾನ ಅವ್ನೊಳಗೇ ಹೊಕ್ಕಿತು, ಗೆಳೆಯರು ದೂರ ಆದ್ರು, ಎರಡು ವರ್ಷ ಆ ಅನುಮಾನಾನೇ ಕತೆ, 2021ರ ನವೆಂಬರ್ 13ಕ್ಕೆ ಹಳೇ ಟ್ಯಾಗ್ ಪಾರ್ಟ್ನರ್ ಕೆನ್ನಿ ಒಮೆಗಾನ ಸೋಲ್ಸಿ ಬೆಲ್ಟ್ ತಗೊಂಡ. ಇಷ್ಟುದ್ದ ಕಾಯೋದು ಎಲ್ರಿಗೂ ಹೊಂದಲ್ಲ, ನ್ಯೂ ಜಪಾನ್‌ನ ಒಕಾಡಾ ಎಕ್ಸ್‌ಕರ್ಶನ್ ಮುಗಿಸ್ಕೊಂಡು 2012ರ ಜನವರಿ 4ಕ್ಕೆ ರೇನ್‌ಮೇಕರ್ ಅಂತ ಬಂದಾಗ ಜನರ ಪ್ರತಿಕ್ರಿಯೆ ತಣ್ಣಗಿತ್ತು, ಫೆಬ್ರವರಿ 12ಕ್ಕೆ ಒಸಾಕಾದಲ್ಲಿ ಚಾಂಪಿಯನ್ ತಾನಾಹಾಶಿನ ಸೋಲ್ಸಿದಾಗ ಎಲ್ರೂ ದಂಗಾದ್ರು. ಅಲ್ಲಿ ಆ ಶಾಕೇ ಅವ್ನ ಹುಟ್ಟು. ಆದ್ರೆ ಅದ್ರ ಹಿಂದೆ ದಾಖಲೆ 11 ಸಲ ಬೆಲ್ಟ್ ಉಳಿಸ್ಕೊಂಡಿದ್ದ ತಾನಾಹಾಶಿಯ ತೂಕ ಇತ್ತು, ಆ ತೂಕ ನಿಮ್ಮ ಚಾಂಪಿಯನ್‌ಗೆ ಇಲ್ಲ ಅಂದ್ರೆ ಶಾಕ್ ಕೊಡೋ ಆಸೆ ಬಿಡಿ.

10. ಗೆದ್ದ ಮರುದಿನ

ಹೆಚ್ಚಿನ ಬುಕರ್‌ಗಳ ನೋಟ್‌ಬುಕ್ ಬೆಲ್ಟ್ ಗೆಲ್ಲೋ ಪುಟಕ್ಕೆ ಮುಗಿಯತ್ತೆ. ಗೋಲ್ಡ್‌ಬರ್ಗ್ 1998ರ ಜುಲೈ 6ಕ್ಕೆ ಅಟ್ಲಾಂಟಾದ ಜಾರ್ಜಿಯಾ ಡೋಮಲ್ಲಿ, ತುಂಬಿದ ಸ್ಟೇಡಿಯಮ್ಮಲ್ಲಿ ಹೋಗನ್‌ನ ಸೋಲ್ಸಿದ, ಅದೂ ಕೆಲವೇ ದಿನ ಮುಂಚೆ ಅನೌನ್ಸ್ ಮಾಡಿ ಫ್ರೀ ಟಿವಿಲಿ. ಆ ರಾತ್ರಿ ಅದ್ಭುತ, ಆದ್ರೆ ಮುಂದೆ ಯಾರು ಅಂತ ಪ್ಲಾನೇ ಇರ್ಲಿಲ್ಲ, ಅವ್ನು ಚಾಂಪಿಯನ್ ಆಗಿದ್ರೂ ಶೋನ ಮುಖ್ಯ ಕತೆಗಳು ಬೇರೆಯವ್ರ ಸುತ್ತಾನೇ ತಿರುಗ್ತಿದ್ವು. ಡಿಸೆಂಬರ್ 27ಕ್ಕೆ ಸ್ಟಾರ್‌ಕೇಡಲ್ಲಿ ಸ್ಕಾಟ್ ಹಾಲ್ ಕರೆಂಟ್ ಶಾಕ್ ಕೊಟ್ಟ, ಕೆವಿನ್ ನ್ಯಾಶ್ ಪಿನ್ ಮಾಡ್ದ. ಒಂದೂಕಾಲು ವರ್ಷ ಇವ್ನನ್ನ ಸೋಲ್ಸೋರು ಯಾರು ಅಂತ ಕಾದಿದ್ದ ಜನರಿಗೆ ಸಿಕ್ಕ ಉತ್ರ ಒಂದು ಶಾಕ್ ಕೊಡೋ ಯಂತ್ರ. ಅದ್ರಿಂದ ಹೊಸ ಸ್ಟಾರೂ ಹುಟ್ಟಲಿಲ್ಲ, ನ್ಯಾಶ್ ಮೊದ್ಲೇ ಸ್ಟಾರ್ ಆಗಿದ್ದೋನು.

ಬೆಲ್ಟ್ ಕೊಡೋ ಮುಂಚೇನೇ ಮೂರು ಹೆಸ್ರು ಬರೆದಿಟ್ಕೊಳ್ಳಿ. ಮೊದಲನೇದು ಚಾಂಪಿಯನ್ ನೇರವಾಗಿ ಸೋಲಿಸೋ ಎದುರಾಳಿ, ಗೆದ್ದಿದ್ದು ಆಕಸ್ಮಿಕ ಅಲ್ಲ ಅಂತ ತೋರ್ಸೋಕೆ. ಎರಡನೇದು ಅವ್ನನ್ನ ಅಲುಗಾಡಿಸೋ ಎದುರಾಳಿ, ಇವ್ನಿಗೆ ಬೆಲ್ಟ್ ಹೋಗತ್ತೇನೋ ಅಂತ ಜನ ಉಸಿರು ಹಿಡೀಬೇಕು. ಮೂರನೇ ಹೆಸ್ರು ಕೊನೇಲಿ ಅವ್ನಿಂದ ಬೆಲ್ಟ್ ತಗೊಳ್ಳೋನು, ಆ ಜಾಗದಲ್ಲಿ ಸಾಧ್ಯ ಆದ್ರೆ ಇನ್ನೂ ಯಾರೂ ಗಮನಿಸದ, ಈಗ ಮೊದಲ ಮ್ಯಾಚಲ್ಲಿ ಸಾದಾ ಬಟ್ಟೇಲಿ ಆಡ್ತಿರೋ ಒಬ್ಬ ಹುಡ್ಗನ್ನೋ ಹುಡ್ಗೀನ್ನೋ ಬರೀರಿ, ಮುಂದಿನ ಶೋನಲ್ಲೇ ಚಾಂಪಿಯನ್ ಕಾರಿಡಾರಲ್ಲಿ ನಡ್ಕೊಂಡು ಹೋಗುವಾಗ ಆ ಹೊಸಬ್ರು ಗೋಡೆಗೆ ಒರಗಿ ಅವ್ನ ಭುಜದ ಮೇಲಿನ ಬೆಲ್ಟನ್ನ ಎರಡು ಸೆಕೆಂಡ್ ನೋಡ್ಲಿ, ಕಾಮೆಂಟೇಟರ್ ಏನೂ ಹೇಳೋದು ಬೇಡ.